ದೂರದ ವೈದ್ಯ, ಹತ್ತಿರದ ಪೆಟ್ಟಿಗೆ

1917ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ, ದನಗಳ ಹಿಂಡನ್ನು ಕಾಯುತ್ತಿದ್ದ ಜಿಮ್ಮಿ ಡಾರ್ಸಿ ಎಂಬ ತರುಣನು ಕುದುರೆಯಿಂದ ಬಿದ್ದು ಒಡಲೊಳಗೆ ತೀವ್ರವಾಗಿ ಗಾಯಗೊಂಡಾಗ, ಜೊತೆಯವರು ಅವನನ್ನು ಹಾಲ್ಸ್ ಕ್ರೀಕ್ ಎಂಬ ಸಣ್ಣ ಊರಿಗೆ ಹೊತ್ತು ತಂದರು. ಆ ಊರಿನಲ್ಲಿ ವೈದ್ಯನಿರಲಿಲ್ಲ; ಇದ್ದವನು ಪ್ರಥಮ ಚಿಕಿತ್ಸೆಯನ್ನಷ್ಟೇ ಕಲಿತಿದ್ದ ಟಕೆಟ್ ಎಂಬ ಪೋಸ್ಟ್‌ಮಾಸ್ಟರ್. ಸಾವಿರ ಮೈಲಿಗೂ ಮಿಕ್ಕಿದ ದೂರದಲ್ಲಿದ್ದ ಪರ್ತ್ ನಗರದ ವೈದ್ಯ ಹಾಲೆಂಡನು ತಂತಿಯ ಮೂಲಕ ಒಂದೊಂದಾಗಿ ಕಳುಹಿದ ಸೂಚನೆಗಳಂತೆ, ಅರಿವಳಿಕೆಯ ಔಷಧವಿಲ್ಲದೆ, ಕಿಸೆಯ ಚಾಕುವನ್ನೇ ಶಸ್ತ್ರವನ್ನಾಗಿ ಮಾಡಿಕೊಂಡು, ಈ ಅಂಚೆಯ ಅಧಿಕಾರಿಯು ರೋಗಿಯ ಶಸ್ತ್ರಕ್ರಿಯೆಯನ್ನು ನಡೆಸಿದನು. ಆದರೆ ಹಡಗು, ಮೋಟಾರು, ಕುದುರೆಗಳನ್ನು ಒಂದಾದಮೇಲೊಂದು ಏರಿ ಹಾಲೆಂಡನು ತಾನೇ ಆ ಊರನ್ನು ಮುಟ್ಟುವ ಹೊತ್ತಿಗೆ ಡಾರ್ಸಿ ತೀರಿಕೊಂಡಿದ್ದನು.

ಇಂದು ಮೊಬೈಲ್ ಆರೋಗ್ಯಸೇವೆಯೆಂದು ಲೋಕವೆಲ್ಲ ಕೊಂಡಾಡುತ್ತಿರುವ ವ್ಯವಸ್ಥೆಯ ಶಕ್ತಿ ಮತ್ತು ಮಿತಿಗಳೆರಡೂ ಈ ಪ್ರಸಂಗದಲ್ಲಿ ಬೀಜರೂಪವಾಗಿ ಅಡಗಿವೆ. ವೈದ್ಯನ ಮಾತು ಬೇಗನೆ ತಲುಪಿತು. ಅವನ ಔಷಧ, ಉಪಕರಣ ಮತ್ತು ಪಳಗಿದ ಕೈ ತಲುಪಲಿಲ್ಲ. ಅಲ್ಲಿಂದೀಚಿನ ನೂರು ವರ್ಷಗಳಲ್ಲಿ ಮನುಷ್ಯನು ಮಾತಿನ ವೇಗವನ್ನು ಅಪಾರವಾಗಿ ಹೆಚ್ಚಿಸಿದ್ದಾನೆ; ಉಳಿದುದನ್ನು ಒದಗಿಸಿದಲ್ಲಿ ಮಾತ್ರ ಆ ಮಾತು ಚಿಕಿತ್ಸೆಯಾಗಿದೆ.

ವಿಜ್ಞಾನಿಗಳ ಗಮನ ಮೊದಲಿಗೆ ಸ್ವಾಭಾವಿಕವಾಗಿಯೇ ಸಂಕೇತದ ಕಡೆಗಿತ್ತು. ಹಾಲೆಂಡ್ ದೇಶದ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವನ್ನನು ಹೃದಯದ ವಿದ್ಯುತ್ ಸ್ಪಂದನಗಳನ್ನು ಬರೆಯುವ ಯಂತ್ರವನ್ನು ನಿರ್ಮಿಸಿದನಷ್ಟೆ. ಅದು ಕದಲಿಸಲಾಗದಷ್ಟು ಭಾರವಾಗಿದ್ದುದರಿಂದ, 1905ರಲ್ಲಿ ಅವನು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳ ಹೃದಯಸ್ಪಂದನವನ್ನು ಟೆಲಿಫೋನ್ ತಂತಿಯಲ್ಲಿ ತನ್ನ ಪ್ರಯೋಗಶಾಲೆಗೆ ಬರಮಾಡಿಕೊಂಡನು. ಮುಂದೆ 1940ರ ದಶಕದಲ್ಲಿ ಅಮೆರಿಕದ ಮೊಂಟಾನಾ ಪ್ರಾಂತದ ನಾರ್ಮನ್ ಹೋಲ್ಟರನು ಸುಮಾರು 38 ಕಿಲೋಗ್ರಾಂ ತೂಕದ ರೇಡಿಯೋ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ನಡೆದಾಡುವ ಮನುಷ್ಯನ ಹೃದಯವನ್ನೂ ದೂರದಿಂದ ಅಳೆಯಬಹುದೆಂದು ತೋರಿಸಿದನು. ಇಂದು ಮಣಿಕಟ್ಟಿನ ಗಡಿಯಾರವು ಮಾಡುತ್ತಿರುವ ಕೆಲಸದ ವಂಶಮೂಲ ಇದೇ.

ಆದರೆ ದೂರವನ್ನು ಗೆಲ್ಲುವುದಕ್ಕೆ ಯಂತ್ರವೊಂದೇ ಸಾಲದೆಂಬ ವಿವೇಕವು ಮೊದಲು ಮೂಡಿದ್ದು ಆಸ್ಟ್ರೇಲಿಯದ ಒಳನಾಡಿನಲ್ಲಿ. ಜಾನ್ ಫ್ಲಿನ್ ಎಂಬ ಪಾದ್ರಿಯು ಬಹುವರ್ಷಗಳ ಪ್ರಯತ್ನದಿಂದ, ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಎಂಬಲ್ಲಿ 1928ರ ಮೇ ತಿಂಗಳಲ್ಲಿ ವಿಮಾನ ವೈದ್ಯಸೇವೆಯನ್ನು ಆರಂಭಿಸಿದನು. ಮೊದಲ ವರ್ಷದಲ್ಲಿ ಆ ವಿಮಾನವು 50 ಸಲ ಹಾರಿ 225 ಮಂದಿ ರೋಗಿಗಳಿಗೆ ನೆರವಾಯಿತು. ವಿಮಾನವನ್ನು ಕರೆಯಬೇಕಾದರೆ ಸುದ್ದಿ ಮುಟ್ಟಬೇಕಲ್ಲವೆ? ವಿದ್ಯುಚ್ಛಕ್ತಿಯ ಹೆಸರನ್ನೂ ಕೇಳದ ಒಂಟಿ ಮನೆಗಳಿಗಾಗಿ ಅಡಿಲೇಡಿನ ಆಲ್ಫ್ರೆಡ್ ಟ್ರೇಗರನು 1929ರ ಹೊತ್ತಿಗೆ, ಸೈಕಲ್ಲಿನಂತೆ ಕಾಲಿನಿಂದ ಪೆಡಲು ತುಳಿದು ವಿದ್ಯುತ್ತನ್ನು ಉತ್ಪಾದಿಸುವ ರೇಡಿಯೋವನ್ನು ರೂಪಿಸಿದನು. ಮೋರ್ಸ್ ಸಂಕೇತವನ್ನು ಕಲಿಯದವರಿಗಾಗಿ ಅಕ್ಷರಗಳ ಕೀಲಿಮಣೆಯನ್ನು ಅದಕ್ಕೆ ಜೋಡಿಸಿಕೊಟ್ಟವನೂ ಅವನೇ. ಬಳಸುವವರ ಶಕ್ತಿಗೆ ತಕ್ಕಂತೆ ಯಂತ್ರವನ್ನು ಬಾಗಿಸಿದ ಆ ಔದಾರ್ಯವು ಇಂದಿನ ಅನೇಕ ಆ್ಯಪ್‌ಗಳಲ್ಲಿ ಕಾಣಸಿಗದು.

ಇಷ್ಟಾದರೂ ಒಂದು ಕೊರತೆ ಉಳಿದೇ ಇತ್ತು. ವೈದ್ಯನು ರೇಡಿಯೋದಲ್ಲಿ ಔಷಧದ ಹೆಸರನ್ನು ಹೇಳಿದರೆ, ಆ ಔಷಧವು ಕೇಳುವವಳ ಮನೆಯಲ್ಲಿ ಇರಬೇಕು. ಇದ್ದರೂ ಗರಗರ ಸದ್ದಿನ ನಡುವೆ ಆ ಹೆಸರು ತಪ್ಪಾಗಿ ಕೇಳಿಸಬಾರದು. 1942ರಲ್ಲಿ ಲೂಸಿ ಗಾರ್ಲಿಕ್ ಎಂಬ ದಾದಿಯ ಸಲಹೆಯಿಂದ ಇದಕ್ಕೊಂದು ಪರಿಹಾರ ದೊರೆಯಿತು. ಒಂದೇ ಬಗೆಯ ಔಷಧದ ಪೆಟ್ಟಿಗೆಯನ್ನು ಎಲ್ಲ ಕಡೆಯಲ್ಲಿಯೂ ಇರಿಸಿ, ಒಳಗಿನ ಪ್ರತಿಯೊಂದು ಔಷಧಕ್ಕೂ ಒಂದೊಂದು ಸಂಖ್ಯೆಯನ್ನು ಕೊಡಲಾಯಿತು. ನೋವು ಎಲ್ಲಿದೆಯೆಂದು ಹೇಳುವುದಕ್ಕೂ ಅಂಗಾಂಗಗಳಿಗೆ ಸಂಖ್ಯೆಗಳನ್ನು ಗುರುತಿಸಿದ ದೇಹದ ಚಿತ್ರಪಟವೊಂದು ಬಂದಿತು. ರೋಗಿಯ ಮನೆಯವಳು ಸಂಖ್ಯೆಯಲ್ಲಿ ನೋವನ್ನು ಹೇಳುವಳು, ವೈದ್ಯನು ಸಂಖ್ಯೆಯಲ್ಲಿಯೇ ಔಷಧವನ್ನು ಸೂಚಿಸುವನು. ನಿಸ್ತಂತು ತಂತ್ರಜ್ಞಾನವನ್ನು ವೈದ್ಯವಿದ್ಯೆಯನ್ನಾಗಿ ಪರಿವರ್ತಿಸಿದ್ದು, ನನ್ನ ದೃಷ್ಟಿಯಲ್ಲಿ, ರೇಡಿಯೋಗಿಂತಲೂ ಹೆಚ್ಚಾಗಿ ಈ ಮರದ ಪೆಟ್ಟಿಗೆಯೇ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮೊಬೈಲ್ ಫೋನು ಆಫ್ರಿಕದ ಹಳ್ಳಿಗಳನ್ನು ಹೊಕ್ಕಾಗ, ಈ ಹಳೆಯ ಪಾಠವನ್ನು ಅರಿತವರು ಗೆದ್ದರು. ಕೆನ್ಯ ದೇಶದ ಮೂರು ಚಿಕಿತ್ಸಾಲಯಗಳಲ್ಲಿ ಏಡ್ಸ್ ರೋಗಕ್ಕೆ ಔಷಧ ಪಡೆಯುತ್ತಿದ್ದ 538 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅರ್ಧದಷ್ಟು ರೋಗಿಗಳಿಗೆ ವಾರಕ್ಕೊಮ್ಮೆ ಸ್ವಾಹಿಲಿ ಭಾಷೆಯಲ್ಲಿ ಕುಶಲವನ್ನು ಕೇಳುವ ಒಂದೇ ಮಾತಿನ ಸಂದೇಶವು ಹೋಗುತ್ತಿತ್ತು. ತೊಂದರೆಯಿದೆಯೆಂದು ಉತ್ತರಿಸಿದವರಿಗೂ, ಎರಡು ದಿನಗಳಾದರೂ ಉತ್ತರವನ್ನೇ ಕೊಡದವರಿಗೂ ಚಿಕಿತ್ಸಾಲಯದವರು ಕರೆಮಾಡಿ ವಿಚಾರಿಸುತ್ತಿದ್ದರು. ತಪ್ಪದೆ ಮಾತ್ರೆ ನುಂಗಿದೆವೆಂದು ಹೇಳಿದವರು ಸಂದೇಶ ಪಡೆದವರಲ್ಲಿ ಶೇಕಡ 62, ಪಡೆಯದವರಲ್ಲಿ ಶೇಕಡ 50. ಸಂದೇಶವು ಯಂತ್ರದ್ದಾದರೂ ಅದರ ಹಿಂದೆ ಕಾದಿದ್ದ ಕಿವಿ ಮನುಷ್ಯನದಾಗಿತ್ತೆಂಬುದು ಇಲ್ಲಿ ಗಮನಾರ್ಹ.

ತಾಂಜಾನಿಯದಲ್ಲಿ 2009ರಿಂದ ನಡೆದ ಪ್ರಯತ್ನವು ನೇರವಾಗಿ ಪೆಟ್ಟಿಗೆಯ ಕಡೆಗೇ ಕಣ್ಣಿಟ್ಟಿತು. ಮೂರು ಜಿಲ್ಲೆಗಳ 129 ಆರೋಗ್ಯಕೇಂದ್ರಗಳ ಸಿಬ್ಬಂದಿಗೆ ಪ್ರತಿ ವಾರವೂ, ಮಲೇರಿಯದ ಔಷಧ ಎಷ್ಟು ಉಳಿದಿದೆಯೆಂದು ಫೋನಿನಲ್ಲಿ ಪ್ರಶ್ನೆ ಬರುತ್ತಿತ್ತು. ಅವರ ಉತ್ತರವನ್ನು ನೋಡಿ ಜಿಲ್ಲೆಯ ಅಧಿಕಾರಿಗಳು ಔಷಧವನ್ನು ಹಂಚುತ್ತಿದ್ದರು. ಯಾವುದಾದರೊಂದು ಔಷಧ ಮುಗಿದುಹೋಗಿದ್ದ ಕೇಂದ್ರಗಳ ಪ್ರಮಾಣವು 21 ವಾರಗಳಲ್ಲಿ ಶೇಕಡ 78ರಿಂದ ಶೇಕಡ 26ಕ್ಕೆ ಇಳಿಯಿತು.

ಎಲ್ಲೆಡೆಯೂ ಹೀಗಾಗಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದ 112 ರಾಷ್ಟ್ರಗಳ ಪೈಕಿ ಶೇಕಡ 83ರಷ್ಟರಲ್ಲಿ ಕನಿಷ್ಠ ಒಂದಾದರೂ ಮೊಬೈಲ್ ಆರೋಗ್ಯ ಯೋಜನೆ ಇದ್ದಿತು. ಆದರೆ ಬಹುಪಾಲು ಯೋಜನೆಗಳು ಪ್ರಯೋಗದ ಹಂತವನ್ನು ದಾಟಲಿಲ್ಲ. ಉಗಾಂಡದಲ್ಲಂತೂ ದಾನಿಗಳ ಹಣದಿಂದ ಹುಟ್ಟಿದ ಯೋಜನೆಗಳು ಒಂದರ ಮೇಲೊಂದು ಬಿದ್ದು, ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದಂತಾಗಿ, 2012ರ ಜನವರಿಯಲ್ಲಿ ಸರ್ಕಾರವೇ ಅಂಥ ಹೊಸ ಪ್ರಯೋಗಗಳಿಗೆ ತಡೆಯೊಡ್ಡಬೇಕಾಯಿತು. ಫೋನು ಗಂಡನ ಕೈಯಲ್ಲಿದ್ದು ಸಂದೇಶ ಹೆಂಡತಿಯ ಗರ್ಭದ ವಿಷಯದ್ದಾದರೆ ಏನು ಗತಿ, ಓದಲಾರದವರಿಗೆ ಯಾರು ಓದಿ ಹೇಳುವರು, ರೋಗದ ಗುಟ್ಟು ಯಾರ ಕಡತವನ್ನು ಸೇರುವುದು ಎಂಬ ಪ್ರಶ್ನೆಗಳೂ ಇದರೊಡನೆ ಎದ್ದು ನಿಂತವು.

ದಕ್ಷಿಣ ಆಫ್ರಿಕದ ಸರ್ಕಾರವು 2014ರ ಆಗಸ್ಟಿನಲ್ಲಿ ಆರಂಭಿಸಿದ ಮಾಮ್‌ಕನೆಕ್ಟ್ ಈ ಪ್ರಶ್ನೆಗಳಲ್ಲಿ ಕೆಲವನ್ನಾದರೂ ಮುಂದಾಗಿ ಆಲೋಚಿಸಿದ ಯೋಜನೆ. ಅದು ಬಸುರಿಯರನ್ನು ಚಿಕಿತ್ಸಾಲಯದಲ್ಲಿಯೇ ನೋಂದಾಯಿಸಿ, ಅವರವರ ಭಾಷೆಯಲ್ಲಿ ಉಚಿತವಾಗಿ ಸಂದೇಶಗಳನ್ನು ಕಳುಹಿತಲ್ಲದೆ, ಅವರ ಪ್ರಶ್ನೆಗಳಿಗೂ ದೂರುಗಳಿಗೂ ಉತ್ತರಿಸುವ ಜನರನ್ನು ನೇಮಿಸಿತು. ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯು ಈ ಶತಮಾನದ ಆದಿಯಲ್ಲಿ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಕೂಡಿಕೊಂಡಾಗಲೂ, ಆ ತಜ್ಞರ ಮಾತು ಫಲಿಸಲು ಇತ್ತ ಕಡೆಯಲ್ಲೊಬ್ಬ ವೈದ್ಯನು ರೋಗಿಯ ಪಕ್ಕದಲ್ಲಿ ನಿಂತಿರಲೇಬೇಕಾಗಿತ್ತು.

ಇತಿಹಾಸದ ಈ ಸಾಕ್ಷ್ಯವೆಲ್ಲವೂ ಆಡಳಿತಗಾರರಿಗೆ ಅಪ್ರಿಯವಾದ ಲೆಕ್ಕವೊಂದನ್ನು ಮುಂದಿಡುತ್ತದೆ. ಯಂತ್ರವನ್ನು ಒಮ್ಮೆ ಕೊಂಡು ಉದ್ಘಾಟನೆ ಮಾಡಿದರಾಯಿತು. ದಾದಿಗಾದರೋ ತಿಂಗಳು ತಿಂಗಳೂ ಸಂಬಳ ಕೊಡಬೇಕು, ಔಷಧವನ್ನು ವಾರ ವಾರವೂ ತುಂಬಬೇಕು. ಮೊದಲನೆಯ ವೆಚ್ಚಕ್ಕೆ ಒಪ್ಪಿ ಎರಡನೆಯದಕ್ಕೆ ಹಿಂಜರಿಯುವ ಸರ್ಕಾರವು ಎಷ್ಟು ಫೋನುಗಳನ್ನು ಹಂಚಿದರೂ, ಅದರ ಪ್ರಜೆಗಳಿಗೆ ದೊರೆಯುವುದು ತಮ್ಮ ರೋಗದ ಹೆಸರೇ ಹೊರತು ಅದರ ಉಪಶಮನವಲ್ಲ.