ಲೋವರ್ ಆರ್ಮ್‌ನ ಬೆಸುಗೆ ಮತ್ತು ಏಳು ವರ್ಷದ ಗಡಿ: ಮುಂಭಾಗದ ಸಸ್ಪೆನ್ಷನ್ ದೋಷ ಹಾಗೂ ರೀಕಾಲ್ ನಿಯಮ ಕುರಿತು

'ಸಾವಿರಾರು ಕಾರು ಹಿಂಪಡೆದ ಕಂಪನಿ' ಎಂಬ ತಲೆಬರಹ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಓದಿದವರು ಕಂಪನಿ ಕಾರನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡುತ್ತದೆ ಎಂದೇ ತಿಳಿಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಹಾಗೆ ಆಗುವುದಿಲ್ಲ. ಮಾಲೀಕ ಕಾರನ್ನು ಸರ್ವಿಸ್ ಸೆಂಟರ್‌ಗೆ ಒಯ್ಯುತ್ತಾನೆ, ಅಲ್ಲಿ ಅನುಮಾನವಿರುವ ಭಾಗವನ್ನು ತಯಾರಕರ ಖರ್ಚಿನಲ್ಲಿ ಪರೀಕ್ಷಿಸಿ ಬೇಕಿದ್ದರೆ ಬದಲಿಸುತ್ತಾರೆ, ಸಂಜೆಯೊಳಗೆ ಕಾರು ಮನೆಗೆ ಬರುತ್ತದೆ. ಈ ಕಾರಣಕ್ಕೆ ಈ ಲೇಖನದಲ್ಲಿ 'ಹಿಂಪಡೆ' ಎನ್ನದೆ, ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿರುವ 'ರೀಕಾಲ್' ಎಂಬ ಪದವನ್ನೇ ಬಳಸಿದ್ದೇನೆ. ಆದರೆ ಆ ತಲೆಬರಹ ಹುಟ್ಟಿಸುವ ನಿರೀಕ್ಷೆ ಪೂರ್ತಿ ತಪ್ಪಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

2018ರಲ್ಲಿ ಫೋರ್ಡ್ ಇಂಡಿಯಾ ಪ್ರಕಟಿಸಿದ ಒಂದು ತಪಾಸಣೆಯಿಂದ ಚರ್ಚೆ ಆರಂಭಿಸಬಹುದು. ಕಂಪನಿಯ ಚೆನ್ನೈ ಕಾರ್ಖಾನೆಯಲ್ಲಿ 2017ರ ಮೇ ಮತ್ತು ಜೂನ್‌ನಲ್ಲಿ ತಯಾರಾದ 4,379 ಇಕೋಸ್ಪೋರ್ಟ್ ಕಾರುಗಳಲ್ಲಿ ಮುಂಭಾಗದ ಲೋವರ್ ಕಂಟ್ರೋಲ್ ಆರ್ಮ್‌ನ ಬೆಸುಗೆ ನಿಗದಿತ ಬಲಕ್ಕಿಂತ ಕಡಿಮೆ ಇರಬಹುದು, ಅದರಿಂದ ಸ್ಟೀರಿಂಗ್ ಹಿಡಿತಕ್ಕೆ ಧಕ್ಕೆಯಾಗಬಹುದು ಎಂದು ಕಂಪನಿ ಹೇಳಿತು. ಅದು ಇದನ್ನು ಕರೆದದ್ದು 'ಸ್ವಯಂಪ್ರೇರಿತ ತಪಾಸಣೆ' ಎಂದು. ಆಗ ಭಾರತದಲ್ಲಿ ರೀಕಾಲ್ ಅನ್ನು ಕಡ್ಡಾಯಗೊಳಿಸುವ ಕಾನೂನು ಇರಲಿಲ್ಲ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ 2012ರಲ್ಲಿ ತಾನೇ ರೂಪಿಸಿಕೊಂಡ ಸಂಹಿತೆಯೊಂದಷ್ಟೇ ಇತ್ತು.

ಲೋವರ್ ಆರ್ಮ್ ಎಂದರೆ ಮುಂಚಕ್ರದ ಬುಡವನ್ನು ಕಾರಿನ ಸಬ್‌ಫ್ರೇಮಿಗೆ ಸೇರಿಸುವ ಉಕ್ಕಿನ ತೋಳು. ಒಳತುದಿಯಲ್ಲಿ ಎರಡು ರಬ್ಬರ್ ಬುಷ್‌ಗಳು, ಹೊರತುದಿಯಲ್ಲಿ ಒಂದು ಬಾಲ್ ಜಾಯಿಂಟ್. ಇಕೋಸ್ಪೋರ್ಟ್‌ನಂಥ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಏರ್ಪಾಟು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಜನರಲ್ ಮೋಟಾರ್ಸ್ ಬಿಟ್ಟು ಫೋರ್ಡ್ ಸೇರಿದ ಮೇಲೆ, 1950ರ ಹೊತ್ತಿಗೆ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳ ಮೂಲಕ ಹರಡಿದ ವಿನ್ಯಾಸ ಇದು. ಹಗುರ, ಅಗ್ಗ, ಎಂಜಿನ್‌ಗೆ ಜಾಗ ಬಿಡುತ್ತದೆ. ಇಂದು ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿಕೊಂಡಿವೆ. ಈ ಮಿತವ್ಯಯಕ್ಕೆ ಒಂದು ಬೆಲೆಯಿದೆ: ಇಲ್ಲಿ ಮೇಲಿನ ತೋಳು ಇಲ್ಲ. ಕಾರಿನ ಭಾರವನ್ನು ಸ್ಪ್ರಿಂಗ್ ಮತ್ತು ಸ್ಟ್ರಟ್ ಹೊರುತ್ತವೆ, ನಿಜ. ಆದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಜಗ್ಗುವ ಬಲವನ್ನೂ ಘಟ್ಟದ ತಿರುವಿನಲ್ಲಿ ಅದು ಪಕ್ಕಕ್ಕೆ ನೂಕುವ ಬಲವನ್ನೂ ಬುಡದಲ್ಲಿ ತಡೆಯುವುದು ಆ ಒಂದು ತೋಳು. ಅದು ಕಳಚಿದರೆ ಚಕ್ರ ಓರೆಯಾಗಿ, ತನಗೆ ಬೇಕಾದತ್ತ ಹೊರಳುತ್ತದೆ. ಚಾಲಕ ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಚಕ್ರ ಅವನ ಮಾತು ಕೇಳುವುದಿಲ್ಲ.

ಬುಷ್ ಸವೆದರೆ ಹಂಪ್ ಹತ್ತಿಳಿಯುವಾಗ ಕಟಕಟ ಸದ್ದು ಬರುತ್ತದೆ. ಬಾಲ್ ಜಾಯಿಂಟ್ ಸಡಿಲವಾದರೆ ಮೆಕ್ಯಾನಿಕ್ ಕಾರನ್ನು ಜಾಕ್ ಮೇಲೆ ಎತ್ತಿ ಚಕ್ರ ಅಲ್ಲಾಡಿಸಿ ಪತ್ತೆ ಹಚ್ಚುತ್ತಾನೆ. ದುರ್ಬಲ ಬೆಸುಗೆ ಇಂಥ ಯಾವ ಸುಳಿವನ್ನೂ ಕೊಡಬೇಕೆಂದಿಲ್ಲ. ಹೊರಗಿನಿಂದ ಅದು ಸರಿಯಾದ ಬೆಸುಗೆಯಂತೆಯೇ ಕಾಣಬಹುದು. ಪ್ರತಿ ಗುಂಡಿಗೂ ಪ್ರತಿ ಬ್ರೇಕಿಗೂ ಒಳಗಿನ ಬಿರುಕು ಕೂದಲೆಳೆಯಷ್ಟು ಬೆಳೆಯುತ್ತ ಹೋಗಿ, ಉಳಿದ ಲೋಹ ಹೊರೆ ತಡೆಯಲಾರದ ದಿನ ಒಮ್ಮೆಲೇ ಮುರಿಯುತ್ತದೆ. ಅಂದರೆ ಮಾಲೀಕನಿಗೆ ದೂರು ಕೊಡಲು ಮುರಿಯುವ ತನಕ ಕಾರಣವೇ ಇರುವುದಿಲ್ಲ. ಯಾವ ಪಾಳಿಯಲ್ಲಿ, ಯಾವ ಯಂತ್ರದಲ್ಲಿ ಬೆಸೆದ ತೋಳುಗಳು ಯಾವ ಚಾಸಿ ಸಂಖ್ಯೆಗಳಿಗೆ ಹೋದವು ಎಂಬ ಲೆಕ್ಕ ಇರುವುದು ತಯಾರಕರ ಮತ್ತು ಬಿಡಿಭಾಗ ಪೂರೈಸಿದವರ ದಾಖಲೆಯಲ್ಲಿ ಮಾತ್ರ.

ಈ ಹಿನ್ನೆಲೆಯಲ್ಲಿ ನಮ್ಮ ಕಾನೂನನ್ನು ಓದಬೇಕು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಚಾಲಕನಿಗೆ, ಪ್ರಯಾಣಿಕರಿಗೆ, ರಸ್ತೆಯ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ತರಬಲ್ಲ ದೋಷವಿದ್ದರೆ ರೀಕಾಲ್‌ಗೆ ಆದೇಶಿಸುವ ಅಧಿಕಾರ ಅದರಿಂದ ಕೇಂದ್ರ ಸರ್ಕಾರಕ್ಕೆ ಬಂತು. ದೋಷದ ವರದಿ ನಿಗದಿತ ಪ್ರಮಾಣದ ಮಾಲೀಕರಿಂದ ಬರಬಹುದು, ಪರೀಕ್ಷಾ ಸಂಸ್ಥೆಯಿಂದ ಬರಬಹುದು, ಬೇರೆ ಯಾವುದೇ ಮೂಲದಿಂದಲೂ ಬರಬಹುದು. ಪರಿಹಾರವಾಗಿ ದುರಸ್ತಿ ಮಾತ್ರವಲ್ಲ, ಬದಲಿ ವಾಹನ ಇಲ್ಲವೇ ಪೂರ್ತಿ ಬೆಲೆಯ ಮರುಪಾವತಿಗೂ ಆ ಕಲಮಿನಲ್ಲಿ ಅವಕಾಶವಿದೆ. ತಯಾರಕರು ತಾವೇ ದೋಷ ಗುರುತಿಸಿ ಸರ್ಕಾರಕ್ಕೆ ತಿಳಿಸಿ ರೀಕಾಲ್ ಆರಂಭಿಸಿದರೆ ದಂಡವಿಲ್ಲ. ಇದು ಒಳ್ಳೆಯ ಕಲಂ ಎಂದೇ ನನ್ನ ಅಭಿಪ್ರಾಯ. ತೊಡಕಿರುವುದು ಅದರ ಅಡಿ ರೂಪಿಸಿ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳಲ್ಲಿ.

ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟವಾಗುವ ಕಾರು ಮಾದರಿಗೆ ಮಾಲೀಕರ ದೂರಿನ ಮಿತಿಯನ್ನು ನಿಯಮಗಳು 1,250ಕ್ಕೆ ನಿಲ್ಲಿಸಿವೆ. ಇಕೋಸ್ಪೋರ್ಟ್ ಈ ವರ್ಗಕ್ಕೆ ಸೇರುವ ಕಾರಾಗಿತ್ತು. ಅನುಮಾನವಿದ್ದ ಕಾರುಗಳು 4,379. ಈ ನಿಯಮ ಅಂದು ಇದ್ದಿದ್ದರೆ, ದೂರಿನ ದಾರಿಯಿಂದ ರೀಕಾಲ್ ಆಗಲು ಅವುಗಳಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಕಾರುಗಳ ಮಾಲೀಕರು ದೂರು ಕೊಡಬೇಕಿತ್ತು. ಮುರಿಯುವವರೆಗೆ ಸದ್ದು ಮಾಡದ ದೋಷಕ್ಕೆ ಇಷ್ಟು ದೂರು ಎಲ್ಲಿಂದ ಬರಬೇಕು? ಸೀಟಿನ ಬೀಗಕ್ಕೋ ಗಾಜಿನ ಮೋಟಾರಿಗೋ ಈ ಅಳತೆ ಹೊಂದೀತು. ಚಕ್ರ ಹಿಡಿದಿರುವ ಬೆಸುಗೆಗೆ ಹೊಂದುವುದಿಲ್ಲ.

ಇನ್ನೊಂದು ಮಿತಿ ಇದಕ್ಕಿಂತ ಗಂಭೀರ: ನಿಯಮ ಅನ್ವಯಿಸುವುದು ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಮಾತ್ರ. ಇದರ ಪರಿಣಾಮ ತಿಳಿಯಲು ಅದೇ ಫೋರ್ಡ್ ಕಂಪನಿಯ ಇನ್ನೊಂದು ಪ್ರಕರಣ ನೆರವಾಗುತ್ತದೆ. ಅಮೆರಿಕದಲ್ಲಿ ಮಾರಿದ ವಿಂಡ್‌ಸ್ಟಾರ್ ವ್ಯಾನುಗಳಲ್ಲಿ 1999ರಿಂದ 2003ರವರೆಗಿನ ಮಾದರಿಗಳನ್ನು ಕಂಪನಿ 2011ರಲ್ಲಿ ರೀಕಾಲ್ ಮಾಡಿತು. ಸಂಖ್ಯೆ 4 ಲಕ್ಷಕ್ಕೂ ಹೆಚ್ಚು. ಕಾರಣ, ಮುಂಭಾಗದ ಸಬ್‌ಫ್ರೇಮಿಗೆ ಹಿಡಿದ ತುಕ್ಕು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ರಾಜ್ಯಗಳಲ್ಲಿ ಉಪ್ಪುನೀರು ಸಬ್‌ಫ್ರೇಮನ್ನು ತಿಂದುಹಾಕಿತ್ತು. ಲೋವರ್ ಆರ್ಮ್ ಗಟ್ಟಿಯಾಗಿಯೇ ಇದ್ದರೂ ಅದನ್ನು ಕಟ್ಟಿದ ಜಾಗವೇ ಕಳಚಿಬೀಳುವ ಭಯ. ಆ ಹೊತ್ತಿಗೆ ಆ ವ್ಯಾನುಗಳೆಲ್ಲ ಏಳು ವರ್ಷ ದಾಟಿದ್ದವು. ನಮ್ಮ ನಿಯಮದ ಅಳತೆಯಲ್ಲಿ ಅವುಗಳಲ್ಲಿ ಒಂದಕ್ಕೂ ರೀಕಾಲ್ ಆದೇಶ ಸಿಗುತ್ತಿರಲಿಲ್ಲ. ಅಮೆರಿಕದ ಕಾನೂನು ಆಗ ಉಚಿತ ದುರಸ್ತಿಗೆ ಹತ್ತು ವರ್ಷದ ಗಡಿ ಇಟ್ಟಿತ್ತು, 2015ರಲ್ಲಿ ಅದನ್ನು ಹದಿನೈದಕ್ಕೆ ಏರಿಸಿತು. ಆ ಗಡಿಯೂ ದುರಸ್ತಿಯ ಖರ್ಚಿಗೆ ಮಾತ್ರ ಸಂಬಂಧಿಸಿದ್ದು. ದೋಷವನ್ನು ಮಾಲೀಕರಿಗೆ ತಿಳಿಸುವ ಹೊಣೆ ವಯಸ್ಸಿನೊಂದಿಗೆ ಮುಗಿಯುವುದಿಲ್ಲ.

ಕರ್ನಾಟಕದಲ್ಲಿ ಹಿಮವಿಲ್ಲ, ಉಪ್ಪು ಎರಚುವವರಿಲ್ಲ. ಆದರೆ ಕಾರವಾರದಿಂದ ಮಂಗಳೂರುವರೆಗೆ ಕಡಲ ಗಾಳಿಯೇ ಉಪ್ಪು ಹೊತ್ತು ತರುತ್ತದೆ. ಜೊತೆಗೆ ತಿಂಗಳುಗಟ್ಟಲೆ ಸುರಿಯುವ ಮಳೆ. ಕರಾವಳಿಯಲ್ಲಿ ಹಳೆ ಕಾರು ಕೊಳ್ಳುವವರು ಮೊದಲು ಬಗ್ಗಿ ಅಡಿಭಾಗದ ತುಕ್ಕು ನೋಡುತ್ತಾರೆ. ಜನರ ಈ ತಿಳಿವಳಿಕೆಗೆ ನಿಯಮದಲ್ಲಿ ಜಾಗ ಸಿಕ್ಕಿಲ್ಲ. ಲೋಹದ ದಣಿವು, ತುಕ್ಕು, ಸವೆತ ಮೂರಕ್ಕೂ ವರ್ಷಗಳು ಬೇಕು. ಸಸ್ಪೆನ್ಷನ್ ದೋಷಗಳಲ್ಲಿ ಹಲವು ಕಾರಿಗೆ ವಯಸ್ಸಾದ ಮೇಲೆಯೇ ಹೊರಬೀಳುತ್ತವೆ.

ತಯಾರಕರ ಸ್ವಯಂಪ್ರೇರಣೆಯೊಂದನ್ನೇ ನಂಬಿ ಕೂರಬಾರದು ಎಂಬುದಕ್ಕೆ ಸ್ಟೀರಿಂಗ್ ಜೋಡಣೆಗೆ ಸಂಬಂಧಿಸಿದ ಒಂದು ಪ್ರಕರಣ ಸಾಕ್ಷಿ. ಟೊಯೋಟ ಕಂಪನಿ ಸ್ಟೀರಿಂಗ್ ರಿಲೇ ರಾಡ್ ಮುರಿಯುವ ದೋಷಕ್ಕೆ 2004ರಲ್ಲಿ ಜಪಾನಿನಲ್ಲಿ ರೀಕಾಲ್ ಮಾಡಿತು. ಅಮೆರಿಕದಲ್ಲಿ ಅದೇ ದೋಷಕ್ಕೆ ಸುಮಾರು 10 ಲಕ್ಷ ವಾಹನಗಳ ರೀಕಾಲ್ ನಡೆದದ್ದು 2005ರಲ್ಲಿ. ಈ ವಿಳಂಬಕ್ಕಾಗಿ 2010ರಲ್ಲಿ ಕಂಪನಿ 1.605 ಕೋಟಿ ಡಾಲರ್ ದಂಡ ಕಟ್ಟಿತು.

ಘೋಷಣೆಯಾದ ಮೇಲಿನ ಕೆಲಸವೂ ಅಷ್ಟೇ ಮುಖ್ಯ. ಫಿಯೆಟ್ ಕ್ರೈಸ್ಲರ್ ಕಂಪನಿ 1.1 ಕೋಟಿಗೂ ಹೆಚ್ಚು ವಾಹನಗಳಿಗೆ ಸಂಬಂಧಿಸಿದ 23 ರೀಕಾಲ್‌ಗಳನ್ನು ಸರಿಯಾಗಿ ನಡೆಸಲಿಲ್ಲ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2015ರ ಜುಲೈನಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಅದೇ ತಿಂಗಳು ಕಂಪನಿ 10.5 ಕೋಟಿ ಡಾಲರ್ ದಂಡಕ್ಕೂ ಸ್ವತಂತ್ರ ಮೇಲ್ವಿಚಾರಕರ ನೇಮಕಕ್ಕೂ ಒಪ್ಪಿತು. ನಿಯಂತ್ರಣ ತಪ್ಪಿಸಬಲ್ಲ ಸಸ್ಪೆನ್ಷನ್ ಭಾಗಗಳಿದ್ದ 5 ಲಕ್ಷಕ್ಕೂ ಹೆಚ್ಚು ವಾಹನಗಳ ಮಾಲೀಕರು ಬಯಸಿದರೆ ಅವನ್ನು ಮರಳಿ ಕೊಳ್ಳುವುದಕ್ಕೂ ಒಪ್ಪಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ರ್‍ಯಾಮ್ ಪಿಕಪ್‌ಗಳು. ನಮ್ಮ ಪತ್ರಿಕೆಗಳ ತಲೆಬರಹ ಹೇಳುವ 'ಹಿಂಪಡೆ' ಅಲ್ಲಿ ಅಕ್ಷರಶಃ ನಡೆಯಿತು. ಎಷ್ಟು ವಾಹನಗಳ ದುರಸ್ತಿ ಮುಗಿಯಿತು ಎಂದು ಲೆಕ್ಕ ಕೇಳುವ ಅಧಿಕಾರಿ ಇದ್ದುದರಿಂದ ಅದು ಸಾಧ್ಯವಾಯಿತು. ಭಾರತದಲ್ಲೂ ಪ್ರತಿ ರೀಕಾಲ್‌ನ ದುರಸ್ತಿ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕು. ಚಕ್ರ, ಸ್ಟೀರಿಂಗ್, ಸಸ್ಪೆನ್ಷನ್‌ನ ಹೊರೆ ಹೊರುವ ಭಾಗಗಳ ಮಟ್ಟಿಗಾದರೂ ಏಳು ವರ್ಷದ ಗಡಿಯನ್ನೂ ದೂರಿನ ಸಂಖ್ಯೆಯ ಷರತ್ತನ್ನೂ ತೆಗೆದುಹಾಕಬೇಕು.

ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು, ಸರ್ವಿಸ್ ಮತ್ತು ಬಿಡಿಭಾಗಗಳ ಪೂರೈಕೆ ಮುಂದುವರಿಸುವುದಾಗಿ ಹೇಳಿತು. 2017ರ ಮೇ-ಜೂನ್‌ನಲ್ಲಿ ತಯಾರಾದ ಇಕೋಸ್ಪೋರ್ಟ್‌ಗಳು 2024ರ ನಡುವಿನಲ್ಲೇ ಏಳು ವರ್ಷ ಪೂರೈಸಿದವು. ಆ ಎರಡು ತಿಂಗಳಲ್ಲಿ ತಯಾರಾದ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಾಸಿ ಸಂಖ್ಯೆ ಹಿಡಿದು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ, ಲೋವರ್ ಆರ್ಮ್ ತಪಾಸಣೆ ಆಗಿದೆಯೇ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕೊಡಲಿ.