ಸೋಪು ತಿನ್ನುವ ನೀರು

ಬಟ್ಟೆ ಒಗೆಯುವುದಕ್ಕೂ ಒಂದು ಇತಿಹಾಸವಿದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಮಕ್ಕಳಿಗೆ ರಾಜರ ಇಸವಿಗಳನ್ನು ಬಾಯಿಪಾಠ ಮಾಡಿಸಿ ಮನೆಗೆ ಹೋಗಿ ಬಕೆಟ್ಟಿನ ಮುಂದೆ ಕೂರುವವರೇ ನಾವೆಲ್ಲ. ಆದರೂ ಆ ಬಕೆಟ್ಟಿಗೂ ಇಸವಿಗಳಿವೆ ಎಂದು ಯಾರಿಗೂ ಹೊಳೆಯುವುದಿಲ್ಲ. ಆ ಇತಿಹಾಸದಲ್ಲಿ ಸೋಪಿನ ಕಂಪನಿಗಳಷ್ಟೇ ದೊಡ್ಡ ಪಾತ್ರ ನೀರಿನದು.

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗದು. ತುಂಗೆಯ ನೀರಿನಲ್ಲಿ ಸೋಪನ್ನು ಎರಡು ಸಲ ಉಜ್ಜಿದರೆ ಕೈತುಂಬ ನೊರೆ. ಬಯಲುಸೀಮೆಯ ಬೋರ್‌ವೆಲ್ ನೀರಿನ ಗುಣವೇ ಬೇರೆ. ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುವ ಗಡಸು ನೀರು ಅದು. ಬೇಳೆ ಬೇಯದು, ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ತಲೆಗೂದಲು ತೆಂಗಿನ ನಾರಾಗುತ್ತದೆ. ಸೋಪು ಹಾಕಿದರೆ ನೊರೆಯ ಬದಲು ಒಡೆದ ಹಾಲಿನಂಥ ಗಸಿ. ಸೋಪಿನ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಕೂಡಿ ನೀರಿನಲ್ಲಿ ಕರಗದ ಜಿಗುಟಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ತೀರುವವರೆಗೆ ನೊರೆ ಏಳುವುದಿಲ್ಲ. ಅಲ್ಲಿಯವರೆಗೆ ನಾವು ಉಜ್ಜಿದ ಸೋಪೆಲ್ಲ ನೀರಿನ ಪಾಲು.

ಅಪ್ಪನಿಗೆ 1981ರಲ್ಲಿ ತೀರ್ಥಹಳ್ಳಿಯಿಂದ ಚಿತ್ರದುರ್ಗದ ಕಡೆಗೆ ವರ್ಗವಾಯಿತು. ತಿಂಗಳಿಡೀ ಬರುತ್ತಿದ್ದ ಬಾರ್ ಸೋಪು ಅಲ್ಲಿ ಹದಿನೈದು ದಿನಕ್ಕೇ ಸವೆಯತೊಡಗಿತು. ಬಟ್ಟೆ ಒಗೆಯಲು ಬರುತ್ತಿದ್ದಾಕೆಯ ಮೇಲೆ ಅಜ್ಜಿಗೆ ಅನುಮಾನ. ಒಂದು ದಿನ "ಏನೇ, ಸೋಪು ತಿಂತೀಯೋ ಹೇಗೆ?" ಎಂದು ಕೇಳಿಯೇಬಿಟ್ಟರು. ಆಕೆ ತಲೆ ಎತ್ತದೆ, "ನಾನ್ಯಾಕೆ ತಿನ್ಲವ್ವಾ, ಈ ನೀರೇ ತಿಂತದೆ" ಎಂದಳು. ಎದುರುತ್ತರ ಎಂದು ಅಜ್ಜಿಗೆ ಇನ್ನಷ್ಟು ಸಿಟ್ಟು. ಆ ತಿಂಗಳ ಕೊನೆಗೆ ಆಕೆಯನ್ನು ಬಿಡಿಸಿದರು.

ಬಿ.ಎಡ್. ಮುಗಿಸಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಪಾಳಿಯೂ ನನಗೆ ಬಂದಾಗ ಒಮ್ಮೆ ಲೆಕ್ಕ ಹಾಕಿದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ನೀರು ಸುಮಾರು 3 ಗ್ರಾಂ ಸೋಪನ್ನು ವ್ಯರ್ಥ ಮಾಡುತ್ತದೆ. 15 ಲೀಟರಿನ ಒಂದು ಬಕೆಟ್ಟಿಗೆ 45 ಗ್ರಾಂ! ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಆಗಬಹುದು. ಆಕೆ ಹೇಳಿದ್ದು ಅಕ್ಷರಶಃ ನಿಜ. ಅಷ್ಟು ಹೊತ್ತಿಗೆ ಆಕೆ ಎಲ್ಲಿದ್ದಳೋ.

ಈ ಲೆಕ್ಕಕ್ಕೆ ದಾರಿ ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ಒಬ್ಬ. ನೀರಿಗೆ ಸೋಪಿನ ದ್ರಾವಣ ಹಾಕಿ ಕುಲುಕುತ್ತ, ನಿಲ್ಲುವ ನೊರೆ ಬರಲು ಎಷ್ಟು ಸೋಪು ಬೇಕಾಯಿತು ಎಂಬುದರಿಂದ ಗಡಸುತನ ಅಳೆಯುವ ವಿಧಾನ ಅವನದು. ಸುಣ್ಣದಿಂದಲೇ ನೀರನ್ನು ಮೆದುಗೊಳಿಸುವ ಉಪಾಯಕ್ಕೆ 1841ರಲ್ಲಿ ಪೇಟೆಂಟ್ ಪಡೆದವನೂ ಅವನೇ.

ನಮ್ಮವರು ಅಳೆಯಲಿಲ್ಲ, ಆದರೆ ದಾರಿ ಕಂಡುಕೊಂಡಿದ್ದರು. ಅಂಟುವಾಳ, ಸೀಗೆಕಾಯಿಗಳ ನೊರೆ ಗಡಸು ನೀರಿಗೆ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಆ ಮಣ್ಣಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯ ವಾಷಿಂಗ್ ಸೋಡಾ. ಅದು ಕ್ಯಾಲ್ಸಿಯಮ್ಮನ್ನು ತಳಕ್ಕಿಳಿಸಿ ನೀರನ್ನು ಮೆದು ಮಾಡುತ್ತದೆ. ಕಾಯಿಸಿದರೆ ಗಡಸುತನದ ಒಂದು ಭಾಗವಷ್ಟೇ ಹೋಗುತ್ತದೆ, ಸೋಡಾ ಉಳಿದದ್ದನ್ನೂ ಎಳೆಯುತ್ತದೆ. ನಮ್ಮ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಮಡಿವಾಳರಿಗೆ ಒಂದು ಸಾಲೂ ಇಲ್ಲವೆಂಬುದು ನನ್ನ ಹಳೆಯ ತಕರಾರು.

ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಬಂದದ್ದು 1888ರಲ್ಲಿ. ನೀರು ಮೆದುವಾಗಿದ್ದ ಊರುಗಳಲ್ಲಿ ಅದು ವರ, ನಮ್ಮಂಥ ಊರುಗಳಲ್ಲಿ ಖರ್ಚು. ಪರಿಹಾರ ಹುಟ್ಟಿದ್ದು ಯುದ್ಧದಿಂದ. ಮೊದಲನೆಯ ಮಹಾಯುದ್ಧದಲ್ಲಿ ಸೋಪಿಗೆ ಕೊಬ್ಬು ಸಿಗದೆ ಜರ್ಮನರು ಕಲ್ಲಿದ್ದಲಿನಿಂದ ಬಂದ ರಾಸಾಯನಿಕಗಳಿಂದ ಕೃತಕ ಮಾರ್ಜಕ ಮಾಡಿದರು. 1946ರಲ್ಲಿ ಅಮೆರಿಕದಲ್ಲಿ ಟೈಡ್ ಬಂತು. ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಫಾಸ್ಫೇಟನ್ನು ಅದರೊಳಗೆ ಬೆರೆಸಿದ್ದರು. ನಮ್ಮಲ್ಲಿಗೆ ಸರ್ಫ್ ಬಂದದ್ದು 1959ರಲ್ಲಿ. ಹಾಗೆಂದು ಈ ಪುಡಿಗಳಿಗೆ ಗಡಸು ನೀರು ಏನೂ ಮಾಡುವುದಿಲ್ಲವೆಂದಲ್ಲ. ಗಸಿ ಕಟ್ಟುವುದಿಲ್ಲ, ಆದರೆ ನೊರೆ ತಗ್ಗುತ್ತದೆ, ಕೊಳೆ ಬಿಡಿಸುವ ಶಕ್ತಿಯೂ ಕುಂದುತ್ತದೆ.

ಸರ್ಫ್ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಪುಡಿ ಕಲಸಿ ಸೈಕಲ್ ಮೇಲೆ ಮಾರಲು ಹೊರಟರು. ಅದೇ ನಿರ್ಮಾ. ಆ ಹಳದಿ ಪುಡಿಯಲ್ಲಿ ದೊಡ್ಡ ಪಾಲು ವಾಷಿಂಗ್ ಸೋಡಾ! ಮಡಿವಾಳರ ಚೌಳು ಮಣ್ಣಿನ ಸತ್ವವೇ ಪ್ಯಾಕೆಟ್ಟಿನಲ್ಲಿ ಬಂದ ಹಾಗಾಯಿತು. ಅಮ್ಮನ ಬೆರಳ ತುದಿಗಳು ಉರಿಯುತ್ತಿದ್ದವು, ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಆದರೆ ಬಟ್ಟೆಯ ಮೇಲೆ ಬೂದು ಜಿಗುಟು ಕೂರುವುದು ನಿಂತಿತ್ತು.

ನೊರೆಯನ್ನೇ ಶುಚಿ ಎಂದು ನಂಬಿಸಿದ್ದು ಮಾತ್ರ ಜಾಹೀರಾತುಗಳು. ಕೊಳೆ ಬಿಡಿಸುವುದಕ್ಕೂ ನೊರೆಗೂ ಹೆಚ್ಚಿನ ನಂಟಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಬಿತ್ತಲ್ಲ, ಚರಂಡಿ ನೀರಿನ ಜೊತೆ ಊರಿನ ಮಾರ್ಜಕವೂ ಅಲ್ಲಿ ಸೇರಿತ್ತು. ಅದನ್ನು ಶುಚಿ ಎಂದವರಿಲ್ಲ.

ನಮ್ಮ ಪಕ್ಕದ ಮನೆಯವರು ಹೋದ ವರ್ಷ ಮುಂಬಾಗಿಲಿನ ವಾಷಿಂಗ್ ಮಷೀನ್ ತಂದರು. ಅದರ ಪುಡಿಯನ್ನು ಕಡಿಮೆ ನೊರೆ ಬರುವಂತೆಯೇ ಮಾಡಿರುತ್ತಾರೆ. "ಟೀಚರೇ, ಗಾಜಿನಲ್ಲಿ ಎಷ್ಟು ನೋಡಿದರೂ ನೊರೆಯೇ ಇಲ್ಲ, ಬಟ್ಟೆ ಹೇಗೆ ಶುಚಿಯಾದೀತು?" ಎಂದು ಅವರ ಅಳಲು. ಸಮಾಧಾನವಾಗದೆ ಬಕೆಟ್ಟಿಗೆ ಹಾಕುವ ಪುಡಿಯನ್ನೂ ಸೇರಿಸಿದರಂತೆ. ಕಡೆಗೆ ಮಷೀನ್ ನಿಂತು ಮೆಕ್ಯಾನಿಕ್ ಬಂದ. ಬಾಗಿಲಿನ ರಬ್ಬರಿನಿಂದ ನೊರೆ ಒರೆಸಿ, ಆಮೇಲೆ ಹೀಟರನ್ನು ಹೊರಗೆಳೆದು ತೋರಿಸಿದ. ಅದರ ಸುತ್ತ ಬೆರಳು ದಪ್ಪದ ಬಿಳಿ ಹಕ್ಕಳೆ, ಥೇಟ್ ಹಂಡೆಯದೇ.