ಪ್ರಾಸ್ಟೇಟ್ ಅರ್ಬುದವೂ ಒಂದು ಪ್ರಕ್ಷಿಪ್ತ ವೈರಾಣುವೂ

ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯು 1997ರವರೆಗೆ ಶಿವಮೊಗ್ಗ ಜಿಲ್ಲೆಯದಾಗಿದ್ದಿತು. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಮನುಷ್ಯರಿಗೂ ಜ್ವರ ಬಂದಿತು. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಸತ್ತ ಮಂಗದಲ್ಲಿಯೂ ರೋಗಿಯ ರಕ್ತದಲ್ಲಿಯೂ ಉಣುಗಿನಲ್ಲಿಯೂ ಒಂದೇ ವೈರಾಣುವನ್ನು ಕಂಡರು. ಸಾಕ್ಷಿಗಳು ಮೂರು, ಒಂದನ್ನೊಂದು ಆಶ್ರಯಿಸಿದವಲ್ಲ. ಹಸ್ತಪ್ರತಿಗಳನ್ನು ಶೋಧಿಸುವವರಿಗೆ ಇಂತಹ ಪ್ರಮಾಣದ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಪುರುಷರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ವೈರಾಣು ಕಾರಣವಾಗಿರಬಹುದೆಂಬ ವಾದದ ಚರಿತ್ರೆಯಲ್ಲಿ ಕೊರತೆಯಾದುದು ಇದೇ.

ವಾದವು ನಿರಾಧಾರವಾದುದೇನೂ ಅಲ್ಲ. ಕೋಳಿಯ ಅರ್ಬುದವು ಸೋಸಿದ ರಸದ ಮೂಲಕ ಬೇರೊಂದು ಕೋಳಿಗೆ ಅಂಟುವುದನ್ನು ಪೇಟನ್ ರೌಸ್ 1911ರಲ್ಲಿಯೇ ತೋರಿಸಿದ್ದರು. ಗರ್ಭಕೊರಳಿನ ಅರ್ಬುದಕ್ಕೂ ವೈರಾಣುವಿಗೂ ಇರುವ ಸಂಬಂಧವನ್ನು ಕಂಡ ಹರಾಲ್ಡ್ ಜುರ್ ಹೌಸನ್ನರಿಗೆ 2008ರಲ್ಲಿ ನೊಬೆಲ್ ಬಹುಮಾನವು ಬಂದಿತು. ಈ ನಡುವೆ 2006ರಲ್ಲಿ ಅಮೆರಿಕದ ರಾಬರ್ಟ್ ಸಿಲ್ವರ್‌ಮನ್, ಜೋಸೆಫ್ ಡಿರಿಸಿ ಮೊದಲಾದವರು 86 ಪ್ರಾಸ್ಟೇಟ್ ಗಡ್ಡೆಗಳನ್ನು ಪರೀಕ್ಷಿಸಿದರು. ವೈರಾಣುವನ್ನೆದುರಿಸುವ ಒಂದು ಜೀನಿನ ಎರಡು ಪ್ರತಿಗಳೂ ಕುಂದಿದ್ದ 20 ರೋಗಿಗಳ ಪೈಕಿ 8 ಮಂದಿಯಲ್ಲಿಯೂ, ಉಳಿದ 66 ಮಂದಿಯ ಪೈಕಿ ಒಬ್ಬನಲ್ಲಿಯೂ, ಇಲಿಯ ವೈರಾಣುವನ್ನು ಹೋಲುವ ‘ಎಕ್ಸ್‌ಎಂಆರ್‌ವಿ’ ದೊರೆಯಿತು. ಹೊಂದಿಕೆಯು ಸೊಗಸಾಗಿದ್ದಿತು, ಅತಿ ಸೊಗಸೆಂದೇ ನನ್ನ ಅಭಿಪ್ರಾಯ. 2009ರಲ್ಲಿ ಅದೇ ವೈರಾಣು ದೀರ್ಘಕಾಲದ ಆಯಾಸರೋಗದವರ ರಕ್ತದಲ್ಲಿಯೂ ಉಂಟೆಂದು ಪ್ರಕಟವಾಯಿತು. ಮರುವರ್ಷ ಕೆನಡ, ಆಸ್ಟ್ರೇಲಿಯಗಳು ಅಂತಹವರ ರಕ್ತದಾನವನ್ನು ತಡೆದುವು. ಕೆಲವು ರೋಗಿಗಳು ಏಡ್ಸ್‌ನ ಔಷಧಗಳನ್ನೇ ಸೇವಿಸತೊಡಗಿದರು. ಜರ್ಮನಿಯಲ್ಲಿ ಪ್ರಾಸ್ಟೇಟ್ ರೋಗಿಗಳಲ್ಲಿ ಹುಡುಕಿದ ಕೆಲವರಿಗಾದರೋ ಅದು ಕಾಣಲೇ ಇಲ್ಲ.

ಗಂಟನ್ನು ಬಿಡಿಸಿದ ಬಗೆಯು ಪಾಠಶೋಧನೆಯದೇ ಆಗಿದೆ. ಒಬ್ಬ ರೋಗಿಯ ಪ್ರಾಸ್ಟೇಟ್ ಗಡ್ಡೆಯನ್ನು ಪ್ರಯೋಗಶಾಲೆಯವರು ಇಲಿಯಿಂದ ಇಲಿಗೆ ನಾಟಿ ಉಳಿಸಿಕೊಂಡು ಬಂದಿದ್ದರು. ವಿನಯ್ ಪಾಠಕ್ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಆ ಗಡ್ಡೆಯ ಹಳೆಯ ತಲೆಮಾರುಗಳನ್ನು ಹೊಸವುಗಳೊಡನೆ ತಾಳೆ ನೋಡಿದರು. ಹಳೆಯವುಗಳಲ್ಲಿ ವೈರಾಣುವಿಲ್ಲ, ಹೊಸವುಗಳಲ್ಲಿ ಉಂಟು. ಇಲಿಗಳ ವಂಶದಲ್ಲಿಯೇ ಅಡಗಿದ್ದ ಎರಡು ವೈರಾಣುಗಳ ತುಂಡುಗಳು 1993ರಿಂದ 1996ರ ಒಳಗೆ ಕೂಡಿಕೊಂಡು ಇದು ಹುಟ್ಟಿದ್ದಿತು. ಮೂಲದಲ್ಲಿಲ್ಲದೆ ಪ್ರತಿಕಾರನ ಕೈಯಲ್ಲಿ ಸೇರಿದ ಪದ್ಯದಂತೆ! 2012ರಲ್ಲಿ ಸಿಲ್ವರ್‌ಮನ್ನರ ಬಳಗವೇ ತಮ್ಮ ಹಳೆಯ ಮಾದರಿಗಳನ್ನು ಪುನಃ ಶೋಧಿಸಿ, ಪ್ರಯೋಗಶಾಲೆಯ ಜೀವಕೋಶಗಳ ಕಲಬೆರಕೆಯನ್ನು ಪತ್ತೆಮಾಡಿತು. 2006ರ ಲೇಖನವನ್ನು ಅದೇ ವರ್ಷ ಹಿಂತೆಗೆದುಕೊಳ್ಳಲಾಯಿತು. ಆಯಾಸರೋಗದ ಲೇಖನವು 2011ರಲ್ಲಿಯೇ ಹಿಂದೆ ಸರಿದಿದ್ದಿತು.

ಇತರ ವೈರಾಣುಗಳ ವಿಚಾರವಾಗಿ ಶೋಧನೆ ನಡೆದೇ ಇದೆ; ಪ್ರಾಸ್ಟೇಟ್ ಅರ್ಬುದಕ್ಕೆ ಕಾರಣವೆಂದು ಸ್ಥಾಪಿತವಾದ ವೈರಾಣು ಒಂದೂ ಇಲ್ಲ. ನಾಟಿಮಾಡಿದ ಆ ಗಡ್ಡೆಯಿಂದ ಬಂದ ‘22ಆರ್‌ವಿ1’ ಎಂಬ ಜೀವಕೋಶಸಂತತಿಯು ಮಾತ್ರ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದ್ದು, ಎಕ್ಸ್‌ಎಂಆರ್‌ವಿಯನ್ನು ಹೊರಸೂಸುತ್ತಲೇ ಇದೆ.